ದಪ್ಪಕ್ಷರದಲ್ಲಿ ಸತ್ತವರು

ನನಗೆ ಕೆಲಸ ಮಾಡುವುದಕ್ಕಿಂತ ಕೆಲಸ ತಪ್ಪಿಸಿಕೊಳ್ಳಲು ಪಡುವ ಶ್ರಮವೇ ಹೆಚ್ಚು ಪ್ರಿಯ. ಮನೆಯಲ್ಲಿ ಇದನ್ನು ಮೈಗಳ್ಳತನ ಎನ್ನುತ್ತಿದ್ದರು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದ ಮೇಲೆ ಅದಕ್ಕೇ ಪ್ರೋಗ್ರಾಮಿಂಗ್ ಎಂಬ ಮರ್ಯಾದೆಯ ಹೆಸರು ಬಂತು. ಕೇಂದ್ರಕ್ಕೆ ಬರುತ್ತಿದ್ದವರೇ ಕಡಿಮೆ. ಬಂದವರಲ್ಲೂ ಅರ್ಧಕ್ಕರ್ಧ ಜನ ಫ್ಯಾನಿನ ಕೆಳಗೆ ಕೂತು ಹಡಗಲಿ ಬಸ್ಸು ಕಾಯುವವರು. ಕರೆಂಟು ಹೋದ ಕೂಡಲೇ ಅವರಿಗೆ ವಿದ್ಯೆ ಸಾಕೆನಿಸುತ್ತಿತ್ತು. ಹೀಗಾಗಿ ಊರಿನ ಕೇಬಲ್ ಟೀವಿಯವರು ಬಂದು, ಪರದೆಯ ಕೆಳಗೆ ಓಡುವ ಪಟ್ಟಿಗೆ ದಿನವೂ ಸುದ್ದಿ ತುಂಬಿಕೊಡುತ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡುಬಿಟ್ಟೆ.

ಪಟ್ಟಿಯಲ್ಲಿ ಹುಟ್ಟುಹಬ್ಬದ ಶುಭಾಶಯ, ಕಳೆದುಹೋದ ಎಮ್ಮೆ, ಕರೆಂಟು ಹೋಗುವ ವೇಳೆ ಎಲ್ಲವೂ ಇರುತ್ತಿದ್ದವು. ಆದರೆ ಜನ ನೋಡುತ್ತಿದ್ದದ್ದು ಯಾರು ಸತ್ತರು ಎಂಬುದನ್ನು ಮಾತ್ರ. ಹೊಸಪೇಟೆಯ ಉತ್ಸಾಹಿಯೊಬ್ಬ ಸುತ್ತಮುತ್ತಲ ತಾಲೂಕುಗಳ ಸಾವಿನ ಸುದ್ದಿಯನ್ನೆಲ್ಲ ಒಂದು ವೆಬ್ ಪುಟದಲ್ಲಿ ಹಾಕುತ್ತಿದ್ದ. ಅದನ್ನು ನೋಡಿ ನಾನು ದಿನವೂ ಟೈಪು ಮಾಡಬೇಕಿತ್ತು. ಒಂದು ವಾರ ಮಾಡಿದೆ. ಬೆಳಗಿನ ಚಹಾಕ್ಕೂ ಮೊದಲು ಸತ್ತವರ ಹೆಸರು ಕುಟ್ಟುವುದು ಮನಸ್ಸಿಗೆ ಹಿಂಸೆ. ಬೆರಳಿಗೂ ಹಿಂಸೆ, ಆದರೆ ಮನಸ್ಸಿಗೆ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ.

ಆದ್ದರಿಂದ ಆ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ವೆಬ್ ಪುಟದ ಒಳಹೊಕ್ಕು ನೋಡಿದರೆ ಅಕ್ಷರಗಳ ಆಚೆ ಈಚೆ ಟ್ಯಾಗ್ ಎಂಬ ಗುರುತುಗಳಿರುತ್ತವೆ. ಇಲ್ಲಿಂದ ದಪ್ಪಕ್ಷರ ಶುರು ಎನ್ನಲು ಒಂದು, ಇಲ್ಲಿಗೆ ಮುಗಿಯಿತು ಎನ್ನಲು ಇನ್ನೊಂದು. ಹೊಸಪೇಟೆಯವನು ಸತ್ತವರ ಹೆಸರನ್ನು ಯಾವಾಗಲೂ ದಪ್ಪಕ್ಷರದಲ್ಲಿ ಹಾಕುತ್ತಿದ್ದ. ‘ನಿಧನ’ ಎಂಬ ಮಾತು ಕಂಡರೆ, ಅದರ ಮುಂದೆ ಮೊದಲು ಸಿಗುವ ದಪ್ಪಕ್ಷರದ ಟ್ಯಾಗುಗಳ ನಡುವೆ ಏನಿದೆಯೋ ಅದನ್ನು ಎತ್ತಿಕೊಂಡು ಬಾ ಎಂದು ನನ್ನ ಸ್ಕ್ರಿಪ್ಟಿಗೆ ಅಪ್ಪಣೆ. ಅದನ್ನು ಕೇಬಲ್ ಆಫೀಸಿನ ಕಂಪ್ಯೂಟರಿನಲ್ಲಿ ಕೂರಿಸಿ ಮರೆತುಬಿಟ್ಟೆ. ದಿನಾ ಬೆಳಿಗ್ಗೆ ನಾನು ಮಗ್ಗುಲು ಬದಲಿಸುವ ಹೊತ್ತಿಗೆ ಅದು ಹೆಣಗಳನ್ನು ಹೆಕ್ಕಿ ಪಟ್ಟಿಗೆ ಬಿಡುತ್ತಿತ್ತು.

ಇಲ್ಲಿ ಕೊಟ್ರಬಸಪ್ಪನವರ ವಿಷಯ ಹೇಳಬೇಕು. ನಮ್ಮ ಓಣಿಯವರು, ನಿವೃತ್ತ ಕಾಂಪೌಂಡರ್. ನಮ್ಮ ಕಡೆ ‘ಮಣ್ಣಿಗೆ ಹೋಗುವುದು’ ಎಂದರೆ ಸತ್ತವರನ್ನು ಹೂಳುವ ಹೊತ್ತಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುವುದು. ಮದುವೆಗೆ ಹೋಗದಿದ್ದರೆ ಏನೋ ನೆಪ ಹೇಳಬಹುದು, ಮಣ್ಣಿಗೆ ಹೋಗದಿದ್ದರೆ ನೆಪ ನಡೆಯುವುದಿಲ್ಲ. ಈ ಮನುಷ್ಯ ಕೂಡ್ಲಿಗಿ, ಕೊಟ್ಟೂರು, ಇಟ್ಟಿಗಿ ಎಂದು ಬಸ್ಸು ಹಿಡಿದು ಹೋಗಿ ಮಣ್ಣು ಹಾಕಿ ಬರುತ್ತಿದ್ದರು. ಪರಿಚಯ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಲ್ಲಿಯೇ ಮಾಡಿಕೊಳ್ಳುತ್ತಿದ್ದರು. ನಮ್ಮಪ್ಪ ತೀರಿಕೊಂಡ ದಿನ ಎಲ್ಲರಿಗಿಂತ ಮೊದಲು ಬಂದು, ನಮ್ಮವ್ವನಿಗೆ ಬಲವಂತ ಮಾಡಿ ಚಹಾ ಕುಡಿಸಿದವರು ಅವರೇ. ಹೊಸಪೇಟೆಯವನಿಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಮುಟ್ಟಿಸುತ್ತಿದ್ದವರೂ ಅವರೇ. ಅದಕ್ಕೆ ಪ್ರತಿಯಾಗಿ ಸುದ್ದಿಯ ಕೆಳಗೆ ‘ಮಾಹಿತಿ ಕೊಟ್ಟವರು’ ಎಂದು ಅವರ ಹೆಸರು, ಹುದ್ದೆ, ಊರಿನ ಸಮೇತ ಬರುತ್ತಿತ್ತು. ಅದೂ ದಪ್ಪಕ್ಷರದಲ್ಲೇ ಬರಬೇಕೆಂದು ಹಟ ಹಿಡಿದಿದ್ದರು. “ಸತ್ತೋರ ಹೆಸರು ಕಾಣತೈತಿ, ಓಡಾಡಿದೋನ ಹೆಸರು ಕಾಣಂಗಿಲ್ಲ ಅಂದ್ರ ಹೆಂಗ್ರಿ?” ಎಂಬುದು ಅವರ ವಾದ.

ಒಂದು ದಿನ ಮಾಗಳದಲ್ಲಿ ಯಾರೋ ತೀರಿಕೊಂಡರು. ಹೊಸಪೇಟೆಯವನು ಆ ಹೆಸರಿಗೆ ದಪ್ಪಕ್ಷರದ ಟ್ಯಾಗು ಹಾಕಲು ಮರೆತ. ನನ್ನ ಸ್ಕ್ರಿಪ್ಟು ‘ನಿಧನ’ದಿಂದ ಹೊರಟು, ಸತ್ತವನನ್ನು ದಾಟಿಕೊಂಡು ಮುಂದೆ ನಡೆದು, ಕೆಳಗೆ ದಪ್ಪಗೆ ಕೂತಿದ್ದ ಹೆಸರನ್ನು ಹಿಡಿದುಕೊಂಡು ಬಂತು. ಬೆಳಗಾಗುವ ಹೊತ್ತಿಗೆ ಊರಿನ ಟೀವಿಗಳಲ್ಲೆಲ್ಲ ಓಡುತ್ತಿತ್ತು: ‘ನಿಧನ: ಕೊಟ್ರಬಸಪ್ಪ, ನಿವೃತ್ತ ಕಾಂಪೌಂಡರ್, ಹಗರಿಬೊಮ್ಮನಹಳ್ಳಿ.’

ನಾನು ಅದನ್ನು ನೋಡಿದ್ದು ಹೋಟೆಲಿನಲ್ಲಿ, ಒಗ್ಗರಣೆ ಮಂಡಕ್ಕಿ ತಿನ್ನುತ್ತ. ಸ್ಕ್ರಿಪ್ಟು ಬರೆದವನು ನಾನೇ. ಅದು ಎಷ್ಟು ದಡ್ಡ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಟೀವಿಯಲ್ಲಿ ಬಂತೆಂದರೆ ನಿಜ ಎಂದೇ ನಂಬಿದೆ. ಗಲ್ಲಾದಲ್ಲಿ ಕೂತ ಹೋಟೆಲಿನವರು, “ನಿನ್ನಿ ಇಲ್ಲೇ ಚಾ ಕುಡ್ದು ಹೋಗ್ಯಾರ್ರಿ, ಪಾಪ. ಮಧ್ಯಾಹ್ನ ಗಿರಾಕಿ ಕಡಿಮಿ ಆದಮ್ಯಾಲ ಹೋಗಿ ಬರ್ಬೇಕು” ಅಂದರು. ಪಕ್ಕದ ಟೇಬಲಿನವರು ಮಗಳ ಮನೆಯಿಂದ ಬಂದ ಮೇಲೆ ಹೋಗುವುದಾಗಿ ಹೇಳಿದರು. ನಾನೂ ‘ಚಲೋ ಮನುಷ್ಯ’ ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಮಿರ್ಚಿ ಬಜ್ಜಿ ಹೇಳಿದೆ. ನಿಜವಾಗಿಯೂ ದುಃಖವಾಗಿತ್ತು, ಮಿರ್ಚಿ ಬಿಸಿಯಾಗಿಯೂ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಟ್ರಬಸಪ್ಪನವರು ಕೇಂದ್ರದ ಮೆಟ್ಟಿಲು ಹತ್ತಿ ಬಂದರು. ಅವರು ಕುರ್ಚಿ ಎಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತರು. ನಾನು ಅವಸರದಲ್ಲಿ ಹೊಸಪೇಟೆಯವನ ಪುಟ ತೆರೆದು ನೋಡಿದೆ. ತಪ್ಪು ಎಲ್ಲಿ ಎಂದು ತಿಳಿಯಿತು. ಅವರಿಗೂ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ಅದಿರ್ಲಿ ಬಿಡ್ರಿ ಮೇಷ್ಟ್ರೆ,” ಅಂದರು. “ಮುಂಜಾನೆ ನಮ್ಮಾಕಿ ನೋಡಿ ಕೂಗಿದ್ಲು. ಕೇಬಲ್ನೋರಿಗೆ ಫೋನ್ ಮಾಡ್ತೀನಿ ಅಂದ್ಲು. ನಾನಽ ಬ್ಯಾಡ ಅಂದೆ. ಯಾರ್ಯಾರ್ ಬರ್ತಾರ ನೋಡೋಣು ಅಂತ ಕಟ್ಟಿ ಮ್ಯಾಲ ಕುಂತೆ. ‘ನೀವ್ ಸತ್ರೂ ನಾ ಕುಂಕುಮ ಅಳಿಸ್ಕಳ್ಳಂಗಿಲ್ಲ, ನಾಷ್ಟಾ ಮಾಡ್ಬರ್ರಿ’ ಅಂತ ಬೈದ್ಲು.”

“ಬಹಳ ಮಂದಿ ಬಂದಿದ್ರಾ?” ಎಂದೆ.

“ಒಬ್ಬ ಬಂದಿದ್ದ. ಕುಣಿ ತೋಡೋ ಹನುಮಂತ. ಗುದ್ದಲಿ ಸನಿಕಿ ತಗೊಂಡೇ ಬಂದಿದ್ದ. ನನ್ನ ನೋಡಿ, ‘ಅದೀರಲ್ರಿ ಯಜಮಾನ್ರೆ, ನಾಳಿ ನಾ ಇಟ್ಟಿಗಿಗೆ ಹೋಗಾವ, ಇವತ್ತಲ್ಲ ಅಂದ್ರ ಮುಂದಿನ ವಾರಾನ ನೋಡ್ರಿ’ ಅಂದ.”

ನನಗೆ ನಗು ಬಂತು. ಅವರು ನಗಲಿಲ್ಲ. ನನ್ನ ನಗು ಅಲ್ಲೇ ಸತ್ತಿತು.

“ನಿಮ್ಮ ದೆಸಿಯಿಂದ ಮಾಗಳದ ಮಣ್ಣು ತಪ್ತು ನೋಡ್ರಿ,” ಅಂದರು. “ನಾ ಸತ್ತೀನಿ ಅಂತ ಟೀವ್ಯಾಗ ಬರಾಕತ್ತೈತಿ. ಇನ್ನೊಬ್ರ ಮಣ್ಣಿಗೆ ಯಾವ ಮಖ ಇಟ್ಕಂಡು ಹೋಗ್ಲಿ? ಅವಗ ಮಂದಿ ಬಂದ್ರೋ ಇಲ್ಲೋ. ಅವನ ಹೆಸರೂ ಬರ್ಲಿಲ್ಲ.”

ಆ ಮಾಗಳದವನು ನನಗೆ ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ. ಏನಾದರೂ ಮಾಡಿ ತೋರಿಸಬೇಕೆಂಬ ಆತುರದಲ್ಲಿ, ಈಗಲೇ ತಿದ್ದುಪಡಿ ಓಡಿಸುತ್ತೇನೆ, ಕೊಟ್ರಬಸಪ್ಪನವರು ಕ್ಷೇಮವಾಗಿದ್ದಾರೆ ಎಂದು ದೊಡ್ಡದಾಗಿ ಹಾಕುತ್ತೇನೆ ಎಂದೆ.

“ಹಾಕಬ್ಯಾಡ್ರಿ,” ಅಂದರು. “ಅದನ್ನ ನೋಡಿ ಮಂದಿ ಮನಿಗೆ ಮಾತಾಡ್ಸಾಕ ಬರ್ತಾರ. ಬಂದ್ರ, ಸತ್ತಾಗ ಯಾಕ ಬರ್ಲಿಲ್ಲ ಅಂತ ಕೇಳ್ಬೇಕಾಕೈತಿ. ಅವ್ರಿಗೂ ಕಷ್ಟ, ನನಗೂ ಕಷ್ಟ.”

ನಾನು ಕೀಬೋರ್ಡಿನ ಧೂಳು ಒರೆಸಿದೆ. ಅವರು ಎದ್ದರು, ಬಾಗಿಲವರೆಗೆ ಹೋಗಿ ನಿಂತರು.

“ನೀವೂ ನೋಡಿರ್ಬೇಕಲ್ಲ, ಮೇಷ್ಟ್ರೆ?”

“ನೋಡಿದೆ. ಸಂಜೆ ಬರೋಣ ಅಂತಿದ್ದೆ.”

“ಸಂಜಿಮಟ ಹೆಣ ಯಾರರೆ ಇಡ್ತಾರೇನ್ರಿ?” ಸಿಟ್ಟೇನೂ ಇರಲಿಲ್ಲ, ಬಸ್ಸಿನ ಹೊತ್ತು ತಿಳಿಯದವನಿಗೆ ಹೇಳುವಂತೆ ಹೇಳಿದರು. “ಇರ್ಲಿ. ನಿಮ್ದಾದಾಗ ನಾ ಇದ್ರ ಮುಂಜಾನೇನ ಬರ್ತೀನಿ. ಹೆದರಬ್ಯಾಡ್ರಿ.”

ಅವರು ಹೋದ ಮೇಲೆ ಸ್ಕ್ರಿಪ್ಟನ್ನು ಸರಿಪಡಿಸಿದೆ. ‘ನಿಧನ’ದ ಪಕ್ಕದಲ್ಲೇ ದಪ್ಪಕ್ಷರ ಇಲ್ಲದಿದ್ದರೆ ಮುಂದಕ್ಕೆ ಹೋಗದೆ ಅಲ್ಲಿಯೇ ನಿಲ್ಲು ಎಂದು ಬರೆದೆ. ಸುಲಭದ ಕೆಲಸ, ಒಂದು ಸಾಲು. ಆಮೇಲೆ ಅಲ್ಲಿಯೇ ಕೂತು, ನಾನು ಸತ್ತ ದಿನ ಬೆಳಿಗ್ಗೆಯೇ ಯಾರು ಯಾರು ಬರಬಹುದೆಂದು ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಮೊದಲು ಕೊಟ್ರಬಸಪ್ಪನವರ ಹೆಸರು ಬಂತು. ಬಹಳ ಹೊತ್ತು ಕೂತೆ. ಎರಡನೆಯ ಹೆಸರು ಬರಲಿಲ್ಲ.