ಮುಂದಿನ ಗಾಲಿಗಳ ಮೆಳ್ಳೆಗಣ್ಣು

ಅಳತೆ ಹಾಕದೆ ಏನನ್ನೂ ನಂಬಬಾರದೆಂಬುದು ನನ್ನ ಹುಟ್ಟುಗುಣ. ಹಂಡೆಗೆ ಎಷ್ಟು ಸೌದೆ ಬೇಕಾಯಿತು, ಒಂದು ಸೋಪು ಎಷ್ಟು ದಿನ ಬಾಳಿತು, ಎಲ್ಲವೂ ತಾರೀಖಿನ ಸಮೇತ ನನ್ನ ದಿನಚರಿಯಲ್ಲಿದೆ. “ಇವನನ್ನ ಕಟ್ಟಿಕೊಂಡವಳು ಸಾರಿಗೆ ಹಾಕಿದ ಉಪ್ಪಿಗೂ ರಸೀದಿ ಕೊಡಬೇಕು” ಎಂದು ಅಕ್ಕ ಹಂಗಿಸುತ್ತಿದ್ದಳು. ಇಂಥವನಿಗೆ, ಅಳತೆ ಹಾಕಿಯೂ ನಂಬಬಾರದೆಂದು ಕಲಿಸಿದ್ದು ನಮ್ಮ ಹಳೆಯ ಕಾರು.

ಅಕ್ಕನ ಮನೆ ಭದ್ರಾವತಿಯ ಕಾಗದನಗರದಲ್ಲಿ. ಚೊಚ್ಚಲ ಹೆರಿಗೆಗೆ ಅವಳನ್ನು ಶಿವಮೊಗ್ಗಕ್ಕೆ ಕರೆತರಬೇಕಿತ್ತು. “ತುಂಬಿದ ಬಸುರಿ ಕಣೋ. ಆ ಗಾಡಿ ಕುಡಿದವನ ಹಾಗೆ ಓಲಾಡುತ್ತೆ, ರೈಲಲ್ಲೇ ಕರ್ಕೊಂಡು ಬಾ” ಎಂದರು ಅಪ್ಪ. ನಾನು ಕಾರಿನ ಕೈಪಿಡಿ ಓದಿದ್ದೆ. ಮನೆಯಲ್ಲಿ ಅದನ್ನು ಓದಿದವನು ನಾನೊಬ್ಬನೇ. ಮುಂದಿನ ಎರಡು ಗಾಲಿಗಳ ನಡುವಿನ ಅಂತರ ಅವುಗಳ ಹಿಂಬದಿಗಿಂತ ಮುಂಬದಿಯಲ್ಲಿ ಇಂಚಿನ ಎಂಟನೇ ಒಂದು ಪಾಲು ಕಡಿಮೆ ಇರಬೇಕಂತೆ. ಎರಡೂ ಟೈರಿನ ಮೇಲೆ ಗೆರೆ ಎಳೆದು, ಮುಂದೆ ಅಳೆದು, ಅದೇ ಗೆರೆಗಳು ಹಿಂದೆ ಬರುವಂತೆ ಕಾರು ತಳ್ಳಿ ಮತ್ತೆ ಅಳೆಯಬೇಕು. ತಪ್ಪಿದ್ದರೆ ಗಾಲಿಗಳನ್ನು ಜೋಡಿಸುವ ಕಂಬಿಯನ್ನು ತಿರುಗಿಸಿದರಾಯಿತು. “ನಾನು ಸರಿ ಮಾಡ್ತೀನಿ ಅಪ್ಪ, ದೋಣಿ ಹೋದ ಹಾಗೆ ಹೋಗುತ್ತೆ” ಎಂದೆ. ದೋಣಿಯೂ ಓಲಾಡುತ್ತದೆಂಬುದು ಆಗ ಹೊಳೆಯಲಿಲ್ಲ.

ಹೊರಡುವ ಬೆಳಿಗ್ಗೆ ಸೀಮೆಸುಣ್ಣ ಸಿಗದೆ ದೇವರ ಮನೆಯ ವಿಭೂತಿ ಗಟ್ಟಿಯಿಂದಲೇ ಗೆರೆ ಎಳೆದೆ. ಮುಂಬದಿ ಅಳೆದು ಕಾಫಿ ಕುಡಿದು ಬಂದು ನೋಡುತ್ತೇನೆ, ಎರಡೂ ಟೈರಿನ ಮೇಲೆ ಮೂರು ಮೂರು ಗೆರೆ! ಅಮ್ಮ ಬೆರಳು ಒರೆಸಿಕೊಳ್ಳುತ್ತಾ, “ಒಂದೇ ಎಳೆದು ಬಿಟ್ಟಿದ್ದೆಯಲ್ಲೋ, ಪೂರ್ತಿ ಮಾಡಿದೆ” ಎಂದಳು. “ಉದ್ದುದ್ದ ಎಳೆದಿದ್ದೀಯಲ್ಲಮ್ಮ?” ಎಂದರೆ, “ತಿರುಗೋ ಗಾಲಿಗೆ ಅಡ್ಡ ಯಾವುದು, ಉದ್ದ ಯಾವುದು?” ಒಳಗಿನಿಂದ ಅಪ್ಪ, ಇನ್ನೇನು ರಾಹುಕಾಲ ಹುಟ್ಟುತ್ತದೆಂದು ಕೂಗಿದರು. ಮತ್ತೆ ಮೊದಲಿನಿಂದ ಅಳೆಯಲು ಹೊತ್ತಿಲ್ಲ. ಒಂದು ಗೆರೆಗೆ ಎರಡು ಸೇರಿಸುವವರು ಆಚೆಗೊಂದು ಈಚೆಗೊಂದು ಸೇರಿಸುತ್ತಾರೆ. ಹಾಗಾಗಿ ನಡುವಿನದು ನನ್ನದು ಎಂದು ತೀರ್ಮಾನಿಸಿ, ಕಾರು ತಳ್ಳಿ ಹಿಂಬದಿ ಅಳೆದೆ. ಗಾಲಿಗಳು ಮುಂದಕ್ಕೆ ಅಷ್ಟೊಂದು ಅಗಲವಾಗಿ ತೆರೆದುಕೊಂಡಿವೆ! ಇಷ್ಟು ದಿನ ನಾವು ಬದುಕಿದ್ದೇ ಹೆಚ್ಚು ಎಂದು ಕಂಬಿಯನ್ನು ಬಲವಾಗಿ ತಿರುಗಿಸಿ, ಅಮ್ಮನನ್ನು ಕೂರಿಸಿಕೊಂಡು ಹೊರಟೆ.

ಹೋಗುವಾಗ ಟೈರು ಕಿರುಗುಟ್ಟಿತು, ರಸ್ತೆಯನ್ನು ಬೈದೆ. ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿದ್ದಳು. ಸ್ಟೀರಿಂಗ್ ಒಮ್ಮೆ ಗುಂಡಿಯ ಕಡೆಗೆ, ಒಮ್ಮೆ ನಡುರಸ್ತೆಗೆ ಎಳೆಯುತ್ತಿತ್ತು. “ಏನೋ ಸುಟ್ಟ ವಾಸನೆ” ಎಂದಳು ಅಮ್ಮ. ಅಷ್ಟರಲ್ಲಿ ಎದುರಿಗೆ ಮರದ ದಿಮ್ಮಿ ತುಂಬಿದ ಲಾರಿ. ನಾನು ಎಡಕ್ಕೆಳೆದರೆ ಕಾರು ಬಲಕ್ಕೆ ವಾಲಿತು. ಅಕ್ಕ ಹೊಟ್ಟೆ ಹಿಡಿದುಕೊಂಡು “ಅಮ್ಮಾ!” ಎಂದು ಚೀರಿದಳು. ಲಾರಿ ಉಜ್ಜಿಕೊಂಡೇ ಹೋದಂತಾಯಿತು. ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದೆ. “ನೋವೇನಾದ್ರೂ ಬಂತೇನಕ್ಕ?” ಎಂದೆ. ಅವಳು ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಾದಳು. ಆ ಹೊತ್ತನ್ನು ಮಾತ್ರ ನಾನು ಅಳೆಯಲಿಲ್ಲ. ಆಮೇಲೆ, “ಒದೀತಿದೆ. ನಿನ್ನನ್ನೇ ಇರಬೇಕು ಮಾರಾಯ” ಎಂದಳು.

ಇಳಿದು ನೋಡಿದರೆ ಮುಂದಿನ ಗಾಲಿಗಳು ಒಂದನ್ನೊಂದು ನೋಡುತ್ತಾ ಮೆಳ್ಳೆಗಣ್ಣು ಮಾಡಿಕೊಂಡಿದ್ದವು. “ಅಮ್ಮ, ಗೆರೆ ಸೇರಿಸುವಾಗ ಆಚೆಗೊಂದು ಈಚೆಗೊಂದು ತಾನೇ ಎಳೆದಿದ್ದು?”

“ಎಡಗಡೆ ಹಾಗೇ ಎಳೆದೆ. ಬಲಗಡೆ ಗೋಡೆ ಅಡ್ಡ ಬಂತಲ್ಲೋ, ಬಗ್ಗೋಕೆ ಆಗ್ಲಿಲ್ಲ. ಎರಡೂ ಈಚೆಗೇ, ಒಳಮಗ್ಗುಲಿಗೇ ಎಳೆದೆ. ಶಿವನಿಗೆ ಗೊತ್ತಾಗಲ್ವಾ?”

ಶಿವನಿಗೆ ಗೊತ್ತಾಗಿರಬೇಕು, ಗೊತ್ತಾಗದೇ ಹೋದದ್ದು ನನಗೆ. ಬಲಗಡೆ ನಡುವಿನ ಗೆರೆ ನನ್ನದಲ್ಲ, ಅಮ್ಮನದು. ಅಕ್ಕನನ್ನು ಮರದ ನೆರಳಲ್ಲಿ ಕೂರಿಸಿ, ಅಮ್ಮನ ಸೆರಗಿನ ಗಂಟಿನಲ್ಲಿದ್ದ ವಿಭೂತಿ ಚೂರಿನಿಂದಲೇ ಹೊಸ ಗೆರೆ ಎಳೆದೆ. ಅಳತೆ ಟೇಪಿನ ತುದಿಯನ್ನು ಅಮ್ಮ ಹಿಡಿದಳು. ಮುಂದೆ ಅಳೆದು, ತಳ್ಳಿ, ಹಿಂದೆ ಅಳೆದು, ಕಂಬಿ ತಿರುಗಿಸಿ, ನಂಬದೆ ಮತ್ತೊಮ್ಮೆ ಅಳೆದೆ. ಎಂಟನೇ ಒಂದು ಪಾಲು, ಸರಿಯಾಗಿ.

ಮತ್ತೆ ಹೊರಡುವಾಗ ಅಮ್ಮ ನನ್ನ ಮುಖ ನೋಡಿ, “ಗಾಲಿಗೆ ಹಚ್ಚಿ ನಿನ್ನ ಹಣೆ ಬರಿದು ಬಿಟ್ಟಿದ್ದೀಯಲ್ಲೋ!” ಎಂದು ಉಳಿದ ವಿಭೂತಿಯನ್ನು ಬಳಿಯಲು ಕೈ ಎತ್ತಿದಳು. ನಾನು ಬಗ್ಗಿ ಹಣೆಯೊಡ್ಡಿದೆ.

“ನೋಡ್ಕೊಂಡು ಎಳಿ ಅಮ್ಮ,” ಎಂದಳು ಅಕ್ಕ, ಹೊಟ್ಟೆ ಸವರಿಕೊಳ್ಳುತ್ತಾ, “ನಡುವಿನದು ಸರಿಯಾಗಿರಲಿ. ಮನೆ ಮುಟ್ಟೋವರೆಗೂ ಅವನು ನೆಟ್ಟಗೆ ಹೋಗಬೇಕು.”