ಆರಡಿಗೊಂದು ಮರ

ಕಾಫಿ ತೋಟದಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದವನು ನಾನು. ಆಳುಗಳ ಹಾಜರಿ ಬರೆಯೋದು, ಮೇಸ್ತ್ರಿ ಜೊತೆ ಜಗಳ ಆಡೋದು, ಎರಡೂ ನನ್ನ ಕೆಲಸ. ಗಿಡ ನೆಡೋದನ್ನ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದ್ರೂ ಗೋಣಿಬೀಡಿನ ಹತ್ತಿರದ ಆ ತೋಟದಲ್ಲಿ, ಬಂಗಲೆಯಿಂದ ಗೇಟಿನವರೆಗಿನ ಎರಡು ಫರ್ಲಾಂಗ್ ರಸ್ತೆಗೆ ನೆರಳು ಮಾಡೋಕೆ ಹೋಗಿ ನಾವು ಮಾಡಿಕೊಂಡ ಎಡವಟ್ಟು ಒಂದೆರಡಲ್ಲ. ನೆನೆಸಿಕೊಂಡರೆ ಈಗಲೂ ನಗು ಬರುತ್ತೆ.

ಗಂಟಿನ ಹಗ್ಗ

ತೊಂಬತ್ತರ ದಶಕದ ಶುರುವಿನ ಮಾತು. ತೋಟದ ಗೌಡರ ಹೆಂಡತಿಗೆ, ನಾವೆಲ್ಲ ಅಮ್ಮ ಅಂತಿದ್ವಿ, ಹೃದಯದ ತೊಂದರೆ ಶುರುವಾಯ್ತು. ಮೂಡಿಗೆರೆಯ ಡಾಕ್ಟ್ರು ದಿನಾ ನಡೀಬೇಕು, ಏರು ಹತ್ತಬಾರದು ಅಂದ್ರು. ನಮ್ಮ ತೋಟದಲ್ಲಿ ಏರಿಲ್ಲದ ಜಾಗ ಅಂದ್ರೆ ಆ ರಸ್ತೆ ಒಂದೇ. ಅದರಲ್ಲಿ ನೆರಳಿಲ್ಲ. ಅಮ್ಮ ಅರ್ಧ ದಾಟೋದರೊಳಗೆ ಬೆವತು ವಾಪಸ್ ಬರ್ತಿದ್ರು. "ಗೇಟಿನ ತನಕ ನೆರಳಲ್ಲಿ ಒಂದು ಸಲ ನಡೆದುಬಿಟ್ರೆ ಸಾಕಪ್ಪ ನಂಗೆ," ಅಂತ ಒಂದಿನ ಅಂದ್ರು. ಗೌಡ್ರಿಗೆ ಅದು ನಾಟಿಬಿಡ್ತು.

"ಎರಡೂ ಬದಿಗೆ ಸಿಲ್ವರ್ ಓಕ್ ಹಾಕ್ಸು, ಬೇಗ ಏಳುತ್ತೆ. ನಲವತ್ತಡಿಗೊಂದು," ಅಂತ ಮೇಸ್ತ್ರಿಗೆ ಹೇಳಿ, ಅಮ್ಮನ್ನ ದೊಡ್ಡಾಸ್ಪತ್ರೆಯಲ್ಲಿ ತೋರಿಸೋಕೆ ಎರಡು ದಿನ ಚಿಕ್ಕಮಗಳೂರಿಗೆ ಕರ್ಕೊಂಡು ಹೋದ್ರು.

ವಾಪಸ್ ಬಂದು ಗೇಟಿನಲ್ಲಿ ಜೀಪು ನಿಲ್ಲಿಸಿದವರು ಇಳೀಲೇ ಇಲ್ಲ. ಕಾಫಿ ಗಿಡಕ್ಕೆ ಗುಂಡಿ ಗುರುತು ಮಾಡೋಕೆ ಆರಡಿಗೊಂದು ಗಂಟು ಹಾಕಿದ ಹಗ್ಗ ಇರುತ್ತೆ. ಮೇಸ್ತ್ರಿ ಅದನ್ನೇ ಹಿಡಿದು ಆರಡಿಗೊಂದು ಮರ ನೆಡಿಸಿದ್ದ. ಒಂದು ಸಾಲಿಗೆ ಇನ್ನೂರ ಇಪ್ಪತ್ತು.

"ನಾನು ಹೇಳಿದ್ದೆಷ್ಟು?" ಅಂದ್ರು ಗೌಡ್ರು.

"ನಲವತ್ತು ಅಂದ್ರಿ ಅಯ್ಯ. ಹಾಕೋಕೆ ಹೋದೆ. ನಡುವೆ ಅಷ್ಟು ಜಾಗ ದಂಡಕ್ಕೆ ಬಿಡೋದು ನೋಡಿ ಹೊಟ್ಟೆ ಉರೀತು."

ಗೌಡ್ರು ಕೀಳ್ಸು ಅಂದ್ರು. ಅಮ್ಮ ಬಿಡಲಿಲ್ಲ. "ಇರ್ಲಿ ಬಿಡ್ರಿ. ಹೋಗೋದು ಹೋಗ್ಲಿ, ಉಳಿಯೋದು ಉಳೀಲಿ. ಚಿಕ್ಕಮಗಳೂರಲ್ಲಿ ನನಗೂ ಅದನ್ನೇ ಹೇಳಿ ಕಳ್ಸಿದ್ದು."

ಡಾಕ್ಟರ ಖುಷಿ

ಗಿಡ ಎದೆಮಟ್ಟ ಬಂದಾಗಿಂದ ಅಮ್ಮ ತಮ್ಮ ನಡಿಗೆಯನ್ನ ಮರದಲ್ಲಿ ಅಳೆಯೋಕೆ ಶುರು ಮಾಡಿದ್ರು. ಸಂಜೆ ಮೇಸ್ತ್ರಿ ಬಂಗಲೆ ಮುಂದೆ ಬಂದು ನಿಂತು, "ಅಮ್ಮ, ಇವತ್ತೆಷ್ಟು?" ಅನ್ನೋನು. "ನೂರ ಹತ್ತು." "ನಿನ್ನೆಗಿಂತ ಆರು ಜಾಸ್ತಿ," ಅನ್ನೋನು. ಯಾವುದಾದ್ರೂ ಗಿಡ ಸತ್ತರೆ ಮಾರನೇ ದಿನವೇ ಅಲ್ಲಿ ಇನ್ನೊಂದು ನೆಡೋನು. ಇನ್ನೂರ ಇಪ್ಪತ್ತು ಅಂದ್ರೆ ಇನ್ನೂರ ಇಪ್ಪತ್ತೇ ಇರಬೇಕು.

ಒಂದ್ಸಲ ಮೂಡಿಗೆರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟ್ರು, "ನಡೀತಿದ್ದೀರೇನಮ್ಮ?" ಅಂತ ಕೇಳಿದ್ರು.

"ನೂರ ಅರವತ್ತು ಮರ ನಡೀತೀನಿ ಡಾಕ್ಟ್ರೆ."

ಸಾಲುಮರ ಅಂದ್ರೆ ನಲವತ್ತಡಿಗೊಂದು ಇರುತ್ತೆ ಅಂತ ಅವರು ಮನಸ್ಸಲ್ಲೇ ಗುಣಿಸಿರಬೇಕು. ಕನ್ನಡಕ ತೆಗೆದು ನೋಡಿದ್ರು. "ಈ ವಯಸ್ಸಿನವರಲ್ಲಿ ಇಷ್ಟು ನಡೆಯೋರನ್ನ ನಾನು ನೋಡಿಲ್ಲ ರೈಟ್ರೆ," ಅಂದ್ರು. ನಾನು ಬಾಯಿ ತೆರೆಯೋದರೊಳಗೆ ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು. ಹೃದಯದಲ್ಲಿ ಬಲ ಇರಲಿಲ್ಲವೇನೋ, ಕಾಲಲ್ಲಿ ಚೆನ್ನಾಗೇ ಇತ್ತು.

ಖಾಲಿ ಮರ

ಮುಂದಿನ ತಪ್ಪು ಗೌಡ್ರದ್ದು. ನಮ್ಮ ಕಡೆಯೋರಿಗೆ ಒಂದು ಚಾಳಿ. ನೆಟ್ಟಗೆ ನಿಂತ ಮರ ಕಂಡ್ರೆ ಬುಡಕ್ಕೆ ಮೆಣಸಿನ ಬಳ್ಳಿ ಹಾಕದೆ ನಿದ್ದೆ ಬರಲ್ಲ. ಹೆಂಡತಿಗೋಸ್ಕರ ಹಾಕಿದ ಮರ ಅಂತ ನಾಲ್ಕು ವರ್ಷ ತಡ್ಕೊಂಡ್ರು. ಐದನೇ ಮಳೆಗಾಲದಲ್ಲಿ ತಾವೇ ನಿಂತು ಬಳ್ಳಿ ಹಾಕಿಸಿದ್ರು.

ಮೂರು ವರ್ಷಕ್ಕೆ ಬಳ್ಳಿ ಫಲಕ್ಕೆ ಬಂತು. ಮೆಣಸು ಕುಯ್ಯೋದು ಸರಿಯಾಗಿ ಬಿಸಿಲು ಶುರುವಾಗೋ ಕಾಲಕ್ಕೆ. ರಸ್ತೆ ತುಂಬ ಏಣಿ, ತಾಡಪಾಲು, ಚೀಲ. ಹದಿನೈದು ದಿನ ಅಮ್ಮ ಜಗಲಿ ಬಿಟ್ಟು ಇಳಿಯೋ ಹಾಗಿಲ್ಲ. ಹದಿನಾರನೇ ದಿನ ಗಂಡನಿಗೆ ಕಾಫಿ ಕೊಡ್ತಾ, "ನಿಮ್ಮ ಮೆಣಸು ಒಣಗಿದ್ರೆ ಹೇಳಿ, ನಾನೂ ಒಣಗಿದ್ದೀನಿ, ಒಟ್ಟಿಗೇ ಚೀಲಕ್ಕೆ ತುಂಬಿಸಬಹುದು," ಅಂದ್ರು. ಗೌಡ್ರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮುಂದಿನ ವರ್ಷದಿಂದ ಕುಯ್ಯೋ ಕೆಲಸ ಅಮ್ಮ ನಡೆದಾದ ಮೇಲೆ ಶುರುವಾಗ್ತಿತ್ತು.

ಒಳ್ಳೇ ಬೆಳಕು

ಇದು ನನ್ನ ತಪ್ಪು. ಇದನ್ನ ಹೇಳೋಕೆ ನಂಗೆ ಇಷ್ಟ ಇಲ್ಲ.

ಒಂಬತ್ತನೇ ವರ್ಷ ಎರಡೂ ಬದಿಯ ರೆಂಬೆ ರಸ್ತೆ ಮೇಲೆ ಇನ್ನೇನು ತಾಗಬೇಕು. ಅಮ್ಮ ಅಷ್ಟೊತ್ತಿಗೆ ಎಂಬತ್ತು ಮರಕ್ಕೆ ಇಳಿದಿದ್ರು. ಬಿಸಿಲು ತಪ್ಪಿದ್ರೆ ಈ ವರ್ಷ ಗೇಟು ಮುಟ್ತಾರೆ ಅಂತ ಮೇಸ್ತ್ರಿ ಹೇಳ್ತಾನೇ ಇದ್ದ. ಮಳೆಗೆ ಮುಂಚೆ ತೋಟದ ಮರಗಳ ರೆಂಬೆ ಕಡಿದು ಕಾಫಿಗೆ ಬೆಳಕು ಬಿಡಿಸೋದು ವಾಡಿಕೆ. ರಸ್ತೆ ಮರ ಮುಟ್ಟಬೇಡಿ ಅಂತ ಕಡಿಯೋರಿಗೆ ಪ್ರತಿ ವರ್ಷ ನಾನೇ ಹೇಳ್ತಿದ್ದೆ. ಆ ವರ್ಷ ಹೇಳೋಕೆ ನಾನಿರಲಿಲ್ಲ. ಅಮ್ಮನ ಹೆಸರಲ್ಲಿ ಕುಂಕುಮಾರ್ಚನೆ ಮಾಡಿಸೋಕೆ ಹೊರನಾಡಿಗೆ ಹೋಗಿದ್ದೆ.

ಪ್ರಸಾದ ಹಿಡ್ಕೊಂಡು ಗೇಟಿನಲ್ಲಿ ಇಳೀತೀನಿ, ರಸ್ತೆ ಬೋಳು. ಕಡಿದವನೊಬ್ಬ ಮರದ ಮೇಲಿಂದ ನಗ್ತಾ ಹೇಳ್ದ: "ನೋಡಿ ರೈಟ್ರೆ, ಈ ವರ್ಷ ಒಳ್ಳೇ ಬೆಳಕು ಬಿದ್ದಿದೆ."

ಅವನು ಅವರಪ್ಪನ ಕಾಲದಿಂದ ಕಲಿತ ಕೆಲಸ ಚೊಕ್ಕವಾಗಿ ಮಾಡಿದ್ದ. ಅಮ್ಮ ಜಗಲಿಯಿಂದ ನೋಡಿ, "ಎಷ್ಟು ವರ್ಷ ಬೇಕು ಮತ್ತೆ?" ಅಂದ್ರು. ಎರಡು ಅಂದೆ. ಅವರು ಲೆಕ್ಕ ಹಾಕಿದ ಹಾಗೆ ಕಾಣಿಸ್ತು.

ಮಾರನೇ ಬೆಳಿಗ್ಗೆ ಅಮ್ಮ ನಡೆಯೋಕೆ ಇಳಿದ್ರೆ, ಹಿಂದೆ ಮೇಸ್ತ್ರಿ, ಕಡಿದು ಬಿದ್ದ ರೆಂಬೆಯಲ್ಲಿ ದೊಡ್ಡದೊಂದನ್ನ ಎತ್ತಿ ಅಮ್ಮನ ತಲೆ ಮೇಲೆ ಹಿಡ್ಕೊಂಡು ನಡೀತಿದ್ದಾನೆ. ಆರಡಿ ರೆಂಬೆ, ಐದಡಿ ಮೇಸ್ತ್ರಿ. ಅಮ್ಮ ತಿರುಗಿ ನೋಡಿ, "ಉತ್ಸವಮೂರ್ತಿ ಮಾಡಿಬಿಟ್ಯಲ್ಲೋ ಮಾರಾಯ. ಮಂಗಳಾರತಿ ಯಾವಾಗ?" ಅಂದ್ರು. ನಾನು ಪ್ರಸಾದ ಕೊಟ್ಟೆ. "ನೀವು ಇನ್ನೊಂದು ಸಲ ಹೊರನಾಡಿಗೆ ಹೋಗಬೇಡಿ ರೈಟ್ರೆ, ಬುಡಾನೂ ಉಳಿಯಲ್ಲ," ಅಂದ್ರು.

ಇನ್ನೂರ ಇಪ್ಪತ್ತು

ಆಮೇಲೆ ಮರ ಮೇಲೇರಿದ ಹಾಗೆ ಅಮ್ಮನ ಲೆಕ್ಕ ಇಳೀತಾ ಬಂತು. ನಲವತ್ತು. ಹದಿನೈದು. ಆರು. ಮೇಸ್ತ್ರಿ ಮಾತ್ರ ಸಂಜೆ ಬಂದು ಕೇಳೋದು ಬಿಡಲಿಲ್ಲ. ಕೊನೆಗೆ ಒಂದಿನ, "ಇವತ್ತು ಸೊನ್ನೆ ಮಾರಾಯ," ಅಂದ್ರು. ಅವನು, "ನಾಳೆ ನೋಡಾಣ ಅಮ್ಮ," ಅಂದ.

ರೆಂಬೆ ಕಡಿದ ಎರಡನೇ ವರ್ಷದ ಮಾರ್ಚಿನಲ್ಲಿ ರೆಂಬೆಗೆ ರೆಂಬೆ ತಾಗಿ ರಸ್ತೆ ಪೂರ್ತಿ ನೆರಳಾಯ್ತು. ಆ ವಾರವೇ ಅಮ್ಮ ಹೋಗಿಬಿಟ್ರು.

ಸೌದೆ ಒಟ್ಟಿದ್ದು ಗೇಟಿನಾಚೆಯ ಬಯಲಲ್ಲಿ. ಗೌಡ್ರು ಬೆಂಕಿ ಮಡಕೆ ಹಿಡಿದು ಮುಂದೆ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಮೇಸ್ತ್ರಿ ಬಲಗಡೆ. ನನ್ನ ಪಕ್ಕದಲ್ಲಿ ಮೂಡಿಗೆರೆ ಡಾಕ್ಟ್ರು, ತೋಟಕ್ಕೆ ಅವತ್ತೇ ಮೊದಲು ಬಂದಿದ್ದು. ಹೊರಗೆ ಉರಿಬಿಸಿಲು, ರಸ್ತೆ ಮೇಲೆ ಬಿಸಿಲಿನ ಒಂದು ಚುಕ್ಕೆ ಇಲ್ಲ. ಮೇಸ್ತ್ರಿಯ ತುಟಿ ಆಡ್ತಾ ಇತ್ತು. ದೇವರ ನಾಮ ಹೇಳ್ತಿದ್ದಾನೆ ಅಂದ್ಕೊಂಡೆ.

ಗೇಟಿನ ಹತ್ರ ಹೆಗಲು ಬದಲಿಸೋಕೆ ಚಟ್ಟ ಇಳಿಸಿದ್ರು. ಮೇಸ್ತ್ರಿ ಬಗ್ಗಿ, ದಿನಾ ಸಂಜೆ ಹೇಳೋ ದನಿಯಲ್ಲೇ ಹೇಳ್ದ: "ಅಮ್ಮ, ಇನ್ನೂರ ಇಪ್ಪತ್ತು. ಪೂರ್ತಿ ಆಯ್ತು."

ಡಾಕ್ಟ್ರು ಹಿಂದೆ ತಿರುಗಿ ರಸ್ತೆ ನೋಡಿದ್ರು. ಮರ ನೋಡಿದ್ರು. ಮೆಲ್ಲಗೆ ನನ್ನ ಕೇಳಿದ್ರು, "ರೈಟ್ರೆ, ಅಮ್ಮ ಹೇಳ್ತಿದ್ದ ನೂರ ಅರವತ್ತು ಮರ ಇದೇನಾ? ನಾನು ಎರಡು ಕಿಲೋಮೀಟರ್ ಅಂದ್ಕೊಂಡಿದ್ನಲ್ರಿ. ಇಷ್ಟು ವರ್ಷ ನನ್ನ ಏಮಾರಿಸಿಬಿಟ್ರಲ್ಲ."

ಅದು ಮೇಸ್ತ್ರಿ ಕಿವಿಗೆ ಬಿತ್ತು. ಅವನಿಗೆ ಸಿಟ್ಟು ಬಂತು.

"ನಮ್ಮಮ್ಮ ಸುಳ್ಳು ಹೇಳೋರಲ್ಲ ಡಾಕ್ಟ್ರೆ," ಅಂದ. "ಬೇಕಿದ್ರೆ ಎಣಿಸ್ಕೊಂಡು ಬನ್ನಿ. ಆಚೆ ಸಾಲೂ ಸೇರಿಸಿದ್ರೆ ಇದರ ಎರಡರಷ್ಟು ಆಗ್ತಿತ್ತು. ಅವರು ಯಾವತ್ತೂ ಒಂದೇ ಸಾಲು ಹೇಳಿದ್ದು."

ಬೆಂಕಿ ಮಡಕೆ ಹಿಡಿದಿದ್ದ ಗೌಡ್ರು ನಕ್ಕುಬಿಟ್ರು. ನಗು ತಡೆಯೋಕೆ ಆಗದೆ ಮಡಕೆ ಅಲ್ಲಾಡೋಕೆ ಶುರುವಾಯ್ತು. ನಾನು ಹೋಗಿ ಅದನ್ನ ಹಿಡ್ಕೊಂಡೆ, ಅವರು ಮೇಸ್ತ್ರಿಯ ಹೆಗಲು ಹಿಡ್ಕೊಂಡು ಅತ್ತರು.