ಯಾವ ಪಂಪ್ ಬಂದ್ ಆಗೈತಿ?

ಜೂನ್ ಹದಿನಾರು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಅನಾಹುತ ಶುರುವಾದದ್ದು ಆಗ.

ಅದಕ್ಕೂ ಮೊದಲು ಎಲ್ಲವೂ ನನ್ನ ಹತೋಟಿಯಲ್ಲಿತ್ತು. ಅಂದರೆ, ದಿನಚರಿಯಲ್ಲಿತ್ತು. ಹನ್ನೆರಡನೇ ವಯಸ್ಸಿನಿಂದ ನನಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಐದು ತಿಂಗಳಿಗೇ ಒಂದು ಕೂಸು ಹೋಗಿಬಿಟ್ಟಿತು. ಈ ಸಲ ಕೊಪ್ಪಳದ ಡಾಕ್ಟರು ನನ್ನ ಸೊಂಟಕ್ಕೆ ಇನ್ಸುಲಿನ್ ಪಂಪ್ ಕೂರಿಸಿದರು. ಅಂಗೈಯಗಲದ ಡಬ್ಬಿ, ಅದರಿಂದ ಹೊಟ್ಟೆಯ ಚರ್ಮದೊಳಗೆ ಹೋಗುವ ಸಣ್ಣ ಕೊಳವೆ. ಹಗಲೂ ರಾತ್ರಿ ಇನ್ಸುಲಿನ್ ಹನಿಸುತ್ತದೆ.

ಅತ್ತೆಗೆ ಇದನ್ನು ತಿಳಿಸಿಕೊಡುವ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ.

“ನಮ್ಮ ಹೊಲದ ಪಂಪ್ ಇಲ್ಲೇನ್ರಿ ಅತ್ತಿ, ಹಂಗ. ಅದು ನೀರು ಬಿಡತೈತಿ, ಇದು ಔಷಧ ಬಿಡತೈತಿ.”

“ಮತ್ತ ಇದಕ್ಕ ಕರೆಂಟು?”

“ಸೆಲ್ ಹಾಕ್ಯಾರ್ರಿ.”

“ನಮ್ಮ ಬೋರಿಗಿಂತ ಛಲೋ ಆತು ಬಿಡವಾ!”

ಇಷ್ಟು ಸರಳವಾಗಿ ವಿಜ್ಞಾನ ಹೇಳುವವರು ಯಲಬುರ್ಗಾ ತಾಲ್ಲೂಕಿನಲ್ಲೇ ಇಲ್ಲವೆಂದು ಅಂದು ಬರೆದಿಟ್ಟುಕೊಂಡೆ.

ಎರಡನೇ ಜಾಣತನ ಇನ್ನೂ ದೊಡ್ಡದು. ಪಂಪ್ ಕೆಟ್ಟರೆ ಚುಚ್ಚಿಕೊಳ್ಳಲು ಒಂದು ಇನ್ಸುಲಿನ್ ಪೆನ್ನಿತ್ತು. ಎಲ್ಲಿ ಹೋದರೂ ಜೊತೆಗಿರಲೆಂದು ಅದನ್ನು ತಂಪು ಡಬ್ಬಿಯಲ್ಲಿಟ್ಟು ಗಂಡನ ಬೈಕಿನ ಚೀಲಕ್ಕೆ ಹಾಕಿದ್ದೆ. ಬೈಕು ನನ್ನನ್ನು ಬಿಟ್ಟೂ ಹೋಗಬಹುದೆಂದು ಹೊಳೆಯಲೇ ಇಲ್ಲ!

ಅಂದು ನನ್ನ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ. ಹೆಂಗಸರು ಅಕ್ಕಿ, ಒಣಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿ, ಸೆರಗನ್ನು ಸೊಂಟಕ್ಕೆ ಬಿಗಿದರು. ಒಳಗೆ ಕೊಳವೆ ಮಡಚಿಕೊಂಡಿತು. ಪಂಪ್ ಕೂಗಿತು. ಸೋಬಾನದ ನಡುವೆ ಇದೆಂಥ ಅಪಸ್ವರವೆಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದೆ.

ಹನ್ನೊಂದೂವರೆಗೆ ಕೂತಲ್ಲೇ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರ ಎಂಬತ್ತು. ಉಡಿ ತುಂಬಿದ ಮೇಲೆ ಆರತಿಯಾಗುವ ತನಕ ಏಳಬಾರದು, ಬಿಗಿದದ್ದನ್ನು ಬಿಚ್ಚಬಾರದು. ಹೋದ ಸಲ ಕುಬಸದ ತನಕವೂ ಬರದವಳು ನಾನು. ಈ ಸಲ ಒಂದು ಕಟ್ಟಳೆಯನ್ನೂ ಮೀರುವ ಧೈರ್ಯವಿರಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಕಿವಿಯಲ್ಲಿ ಹೇಳಿದೆ.

“ಪಂಪ್ ಬಂದ್ ಆಗೈತ್ರಿ. ಅವರಿಗೆ ಫೋನ್ ಮಾಡ್ರಿ.”

ಬೈಕಿನಲ್ಲಿ ಹೂವು ತರಲು ಹೋಗಿದ್ದ ನನ್ನ ಗಂಡನಿಗೆ ಅತ್ತೆ ಹಾಡಿನ ಗದ್ದಲದಲ್ಲೇ ಕೂಗಿ ಹೇಳಿದರು: “ಲೇ ಮಲ್ಲೇಶಾ, ಪಂಪ್ ಬಂದ್ ಆಗೈತಂತ, ಜಲ್ದಿ ನೋಡೋ!”

ಅವರು ಜಲ್ದಿ ನೋಡಿದರು. ಹೊಲಕ್ಕೆ ಹೋಗಿ! ಮೋಟಾರಿನ ಸದ್ದಿನಲ್ಲಿ ಆಮೇಲಿನ ಫೋನು ಒಂದೂ ಕೇಳಿಸಲಿಲ್ಲ. ಒಂದು ಗಂಟೆಯ ಹೊತ್ತಿಗೆ, ಹೆಗಲಿಗೆ ಹಗ್ಗ ಹಾಕಿಕೊಂಡ ಬೋರಿನ ಮೆಕ್ಯಾನಿಕ್ ಸಮೇತ, ಹೆಂಗಸರ ನಡುವೆ ಪ್ರತ್ಯಕ್ಷರಾದರು.

“ಪಂಪ್ ಛಲೋ ಐತಲ್ಲಬೇ ಯವ್ವಾ! ಧೋ ಅಂತ ನೀರು ಬರಾಕತ್ತೈತಿ.”

“ಆ ಪಂಪಲ್ಲೋ ಮೂಳಾ, ಈ ಪಂಪ್!” ಅತ್ತೆ ನನ್ನ ಸೊಂಟ ತೋರಿಸಿದರು.

ಮೆಕ್ಯಾನಿಕ್ ಬಗ್ಗಿ ನೋಡಿದ. “ಇದು ನಮ್ಮ ಕಡಿಂದ ಆಗೂದಿಲ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆರತಿ ತಟ್ಟೆಯ ಪಕ್ಕ ವಾಂತಿ ಮಾಡಿಕೊಂಡೆ. ಸಕ್ಕರೆ ಮುನ್ನೂರ ಎಪ್ಪತ್ತು. ಬೆಳಗಿನಿಂದ ಕೂಸು ಎಷ್ಟು ಸಲ ಒದ್ದಿತೆಂದು ಲೆಕ್ಕ ಹಾಕಹೋದೆ. ದಿನಾ ಬರೆದಿಡುವ ಲೆಕ್ಕ ಅದು. ಒಂದೂ ನೆನಪಾಗಲಿಲ್ಲ.

ಪೆನ್ನು ಚುಚ್ಚಿಕೊಂಡು, ಉಡಿಯ ಅಕ್ಕಿ ಚೆಲ್ಲುತ್ತಲೇ ಕೊಪ್ಪಳಕ್ಕೆ ಓಡಿದೆವು. ಹೋದ ವರ್ಷದ್ದೇ ಕೋಣೆ, ಹೊಟ್ಟೆಗೆ ಅದೇ ತಣ್ಣನೆಯ ಜೆಲ್ಲು. ಅಂದು ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಸರಿಸುತ್ತ ಸರಿಸುತ್ತ ಮಾತು ನಿಲ್ಲಿಸಿದ್ದರು. ಇಂದೂ ನಿಲ್ಲಿಸಿದರು. ನನ್ನ ಕೈ ಹಿಡಿದಿದ್ದ ಅತ್ತೆಯ ಬಳೆಗಳು ಮಾತ್ರ ಗಿಲಿಗಿಲಿ ನಡುಗುತ್ತಿದ್ದವು.

“ಅಮ್ಮಾ, ಸ್ವಲ್ಪ ಬಳಿ ಹಿಡ್ಕೊಳ್ರಿ.”

ಆಗ ಕೇಳಿಸಿತು. ದಬದಬ, ದಬದಬ. ದೂರದ ಹೊಲದಲ್ಲಿ ಮೋಟಾರು ಓಡುವ ಹಾಗೆ.

“ಪಂಪ್ ಚಾಲೂ ಐತಿ,” ಎಂದರು ಅತ್ತೆ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತು ಅತ್ತರು. ಹೋದ ವರ್ಷವೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಇನ್ನೂ ಎರಡು ತಿಂಗಳು ಬಾಕಿ. ಮೊದಲ ಕೂಸಿಗೆಂದು ಅತ್ತೆ ಹೊಲಿದ ಕುಂಚಿಗೆ ಟ್ರಂಕಿನ ತಳದಲ್ಲಿದೆ. ಅವರು ತೆಗೆಯುವುದಿಲ್ಲ, ನಾನು ಕೇಳುವುದಿಲ್ಲ.

ಉಡಿ ತುಂಬುವಾಗ ಕೊಳವೆ ಮಡಚದಂತೆ ಪಂಪನ್ನು ಎಲ್ಲಿ ಕಟ್ಟಿಕೊಳ್ಳಬೇಕು? ಬಲ್ಲವರು ದಯವಿಟ್ಟು ಬರೆಯಿರಿ. ಹಾಗೆಯೇ ಅದಕ್ಕೊಂದು ಬೇರೆ ಹೆಸರನ್ನೂ ಸೂಚಿಸಿರಿ. ನಾನೇ ಬಹಳ ಯೋಚಿಸಿ ‘ಮೋಟಾರು’ ಎಂದು ಬದಲಿಸಿದ್ದೆ.

ಮೊನ್ನೆ ಮೆಕ್ಯಾನಿಕ್ ಮತ್ತೊಮ್ಮೆ ಬಂದು ಹೋದ!